ಹಳೆಯ ಟಿ.ವಿ.ಗೊಂದು ಸ್ಟಿಕ್: ಪಂದ್ಯದ ನೇರಪ್ರಸಾರವನ್ನು ಮನೆಗೆ ತರುವ ಬಗೆ

ಇಂಟರ್ನೆಟ್ಟಿನಲ್ಲಿ ಬರುವ ಪಂದ್ಯವನ್ನು ಟಿ.ವಿ.ಯಲ್ಲಿ ತೋರಿಸುವ ಸ್ಟಿಕ್ ಎಂಬ ಸಣ್ಣ ಸಾಧನವನ್ನು ಕೊಳ್ಳಲು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಹೊರಡುವ ಮೊದಲು ಮನೆಯ ಟಿ.ವಿ.ಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಅದರ ಬೆನ್ನನ್ನು ನೋಡಬೇಕು. ಹೆಬ್ಬೆರಳಿನ ಉಗುರಿನಷ್ಟು ಅಗಲದ, ಕೆಳಗಿನ ಎರಡೂ ಮೂಲೆಗಳು ಒಳಕ್ಕೆ ಸರಿದಂತಿರುವ ಚಪ್ಪಟೆ ಕಿಂಡಿಯೊಂದು ಅಲ್ಲಿದ್ದು, ಅದರ ಪಕ್ಕದಲ್ಲಿ ಎಚ್‌ಡಿಎಂಐ ಎಂದು ಬರೆದಿದ್ದರೆ ಮುಂದಿನ ಕೆಲಸ ಸುಲಭ. ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕೊಂಡ ಎಲ್‌ಇಡಿ ಟಿ.ವಿ.ಗಳಲ್ಲಿ ಸಾಮಾನ್ಯವಾಗಿ ಇಂಥ ಎರಡು ಕಿಂಡಿಗಳಿರುತ್ತವೆ. ಒಂದಕ್ಕೆ ಡಿಶ್ ಅಥವಾ ಕೇಬಲ್ಲಿನ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ್ದರೆ ಇನ್ನೊಂದು ಧೂಳು ಹಿಡಿದು ಖಾಲಿ ಕುಳಿತಿರುತ್ತದೆ. ಸ್ಟಿಕ್ಕಿಗೆ ಬೇಕಾದದ್ದು ಆ ಖಾಲಿ ಕಿಂಡಿ.

ಡಬ್ಬಿಯಂಥ ಹಳೆಯ ಟಿ.ವಿ.ಯಾಗಿದ್ದು, ಹಿಂದೆ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತೂತುಗಳು ಮಾತ್ರ ಇದ್ದರೆ, ಕೆಲವು ನೂರು ರೂಪಾಯಿಗೆ ಸಿಗುವ ಕನ್ವರ್ಟರ್ ಹಾಕಿ ಸ್ಟಿಕ್ ನಡೆಸಬಹುದು. ಆದರೆ ಆ ಪರದೆಯ ಮೇಲೆ ಕೆಳಗಿನ ಪಟ್ಟಿಯಲ್ಲಿ ಬರುವ ಸ್ಕೋರು ಮಸುಕಾಗುವುದರಿಂದ ನಾನು ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಇನ್ನು ಮನೆಯಲ್ಲಿರುವುದು ಸ್ಮಾರ್ಟ್ ಟಿ.ವಿ.ಯೇ ಆಗಿದ್ದು ಬೇಕಾದ ಆ್ಯಪ್ ಅದರಲ್ಲೇ ಸರಿಯಾಗಿ ನಡೆಯುತ್ತಿದ್ದರೆ ಸ್ಟಿಕ್ಕಿನ ಖರ್ಚು ಅನವಶ್ಯಕ. ನಾಲ್ಕೈದು ವರ್ಷ ಹಳೆಯದಾದ ಸ್ಮಾರ್ಟ್ ಟಿ.ವಿ.ಯಲ್ಲಿ ಆ್ಯಪ್‌ಗಳ ಹೊಸ ಆವೃತ್ತಿ ಬರುವುದು ನಿಂತು, ಪಂದ್ಯದ ನಡುವೆಯೇ ಆ್ಯಪ್ ಮುಚ್ಚಿಕೊಳ್ಳತೊಡಗಿದಾಗ ಮಾತ್ರ ಅದಕ್ಕೂ ಸ್ಟಿಕ್ ಹಾಕುವುದು ಹೊಸ ಟಿ.ವಿ. ಕೊಳ್ಳುವುದಕ್ಕಿಂತ ಅಗ್ಗದ ದಾರಿ.

ಯಾವ ಪಂದ್ಯ, ಯಾವ ಆ್ಯಪ್

ಸ್ಟಿಕ್ ಎಂಬುದು ಪಂದ್ಯವನ್ನು ತನ್ನೊಳಗೆ ಇಟ್ಟುಕೊಂಡು ಬರುವುದಿಲ್ಲ. ಅದು ಇಂಟರ್ನೆಟ್ಟಿನಿಂದ ಆ್ಯಪ್‌ನ ಚಿತ್ರವನ್ನು ಟಿ.ವಿ.ಗೆ ದಾಟಿಸುವ ಸಣ್ಣ ಕಂಪ್ಯೂಟರ್ ಅಷ್ಟೆ; ಪಂದ್ಯ ಬರುವುದು ಪ್ರಸಾರದ ಹಕ್ಕು ಪಡೆದವರ ಆ್ಯಪ್‌ನಿಂದ. ಆದ್ದರಿಂದ ನೀವು ನಿಜವಾಗಿ ನೋಡುವ ಆಟ ಯಾವುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಎರಡೂ ಸೇರಿ 2025ರ ಫೆಬ್ರವರಿ 14ರಂದು ಜಿಯೋಹಾಟ್‌ಸ್ಟಾರ್ ಆದ ಮೇಲೆ ಐಪಿಎಲ್ ಮತ್ತು ಪ್ರೊ ಕಬಡ್ಡಿ ಎರಡನ್ನೂ ಅಲ್ಲಿಯೇ ನೋಡಬೇಕಾಗಿದೆ. ಯುರೋಪಿನ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಸೋನಿಲಿವ್‌ನಲ್ಲಿ ಬರುತ್ತದೆ. ಫಾರ್ಮುಲಾ 1 ಕಾರು ಓಟ ಫ್ಯಾನ್‌ಕೋಡ್‌ನಲ್ಲಿ ಸಿಗುತ್ತದೆ. ಹಕ್ಕುಗಳು ಕೆಲವು ವರ್ಷಗಳಿಗೊಮ್ಮೆ ಕೈಬದಲಾಗುವುದರಿಂದ, ಸರಣಿ ಶುರುವಾಗುವ ವಾರ ಪತ್ರಿಕೆಯ ಕ್ರೀಡಾಪುಟದಲ್ಲಿ ನೇರಪ್ರಸಾರದ ಸಾಲನ್ನು ಒಮ್ಮೆ ಓದಿಕೊಂಡೇ ಹಣ ಕಟ್ಟುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಭಾರತ ಪುರುಷರ ತಂಡದ ಏಕದಿನ ಮತ್ತು ಟಿ20 ಪಂದ್ಯಗಳನ್ನಷ್ಟೇ ನೋಡುವ ಮನೆಯಾದರೆ ಸ್ಟಿಕ್ಕೂ ಬೇಡ, ತಿಂಗಳ ಚಂದಾವೂ ಬೇಡ. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾನೂನು 2007ರಿಂದ ಇದೆ. ಹೀಗೆ ಹಂಚಿಕೊಂಡ ಪಂದ್ಯ ಡಿಡಿ ಫ್ರೀ ಡಿಶ್‌ನಲ್ಲಿ ಡಿಡಿ ಸ್ಪೋರ್ಟ್ಸ್ ವಾಹಿನಿಯ ಮೂಲಕ ಪುಕ್ಕಟೆಯಾಗಿ ಬರುತ್ತದೆ; ಒಮ್ಮೆ ಛತ್ರಿ ಕೂಡಿಸಿದರೆ ಆಮೇಲೆ ಖರ್ಚಿಲ್ಲ. ಅದೇ ಡಿಡಿ ವಾಹಿನಿ ಕೇಬಲ್ಲಿನಲ್ಲಿಯೂ ಇದ್ದರೂ ಪಂದ್ಯದ ಹೊತ್ತಿಗೆ ಅಲ್ಲಿ ಬೇರೇನೋ ಬರುತ್ತಿರುತ್ತದೆ ಎಂದು ಅನೇಕರು ಕೇಬಲ್ಲಿನವರೊಡನೆ ಜಗಳಾಡುವುದನ್ನು ನೋಡಿದ್ದೇನೆ. ತಪ್ಪು ಕೇಬಲ್ಲಿನವರದಲ್ಲ. ಹೀಗೆ ಹಂಚಿಕೊಂಡ ಪ್ರಸಾರವನ್ನು ದೂರದರ್ಶನ ತನ್ನ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿದೆ. ಐಪಿಎಲ್ ಆ ಪಟ್ಟಿಯಲ್ಲಿ ಇಲ್ಲ. ಆರ್‌ಸಿಬಿ ನೋಡಬೇಕೆನ್ನುವವರು ಚಂದಾ ಕಟ್ಟಲೇಬೇಕು.

ಚಂದಾ ಕಟ್ಟುವಾಗ ನಮ್ಮ ಭಾಗದಲ್ಲಿ ಅತಿ ಹೆಚ್ಚು ಜನ ಎಡವುವುದು ಒಂದೇ ಕಡೆ. ಮೊಬೈಲ್ ರಿಚಾರ್ಜಿನೊಂದಿಗೆ ಉಚಿತವಾಗಿ ಬಂದ ಚಂದಾ ಟಿ.ವಿ.ಯಲ್ಲಿಯೂ ನಡೆಯುತ್ತದೆಂದು ನಂಬಿ ಸ್ಟಿಕ್ ತಂದು ಹಾಕುತ್ತಾರೆ. ಪಂದ್ಯ ಶುರುವಾಗುವ ಹೊತ್ತಿಗೆ ಪರದೆಯ ಮೇಲೆ ಹೊಸ ಯೋಜನೆಗೆ ಹಣ ಕಟ್ಟಿರಿ ಎಂಬ ಸೂಚನೆ ಬರುತ್ತದೆ. ಮೊಬೈಲಿಗೆ ಮಾತ್ರ ಸೀಮಿತವಾದ ಯೋಜನೆಗಳಿವೆ, ಟಿ.ವಿ.ಗೂ ಅನ್ವಯಿಸುವ ಯೋಜನೆಗಳಿವೆ, ಎಷ್ಟು ಪರದೆಗಳಲ್ಲಿ ಏಕಕಾಲಕ್ಕೆ ನೋಡಬಹುದೆಂಬ ಮಿತಿಯೂ ಇದೆ. ಫೋನಿನಲ್ಲಿ ಆ್ಯಪ್ ತೆರೆದು, ನಿಮ್ಮ ಖಾತೆಯ ವಿವರಕ್ಕೆ ಹೋಗಿ, ಯೋಜನೆಯ ಹೆಸರಿನ ಕೆಳಗೆ ಟಿ.ವಿ. ಎಂಬ ಮಾತು ಇದೆಯೇ ಎಂದು ಕಣ್ಣಾರೆ ನೋಡಿಕೊಂಡ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತಿರಿ.

ಅಂಗಡಿಯಲ್ಲಿ

ಫೈರ್ ಟಿವಿ ಸ್ಟಿಕ್, ಶಿಯೋಮಿಯ ಸ್ಟಿಕ್ ಅಥವಾ ಬಾಕ್ಸ್, ಹೀಗೆ ಹೆಸರಿರುವ ಸಾಧನಗಳು ಸುಮಾರು ಮೂರರಿಂದ ಆರು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಟಿ.ವಿ. 4ಕೆ (ಎಚ್‌ಡಿಗಿಂತಲೂ ಸ್ಪಷ್ಟ ಚಿತ್ರದ್ದು) ಅಲ್ಲದಿದ್ದರೆ 4ಕೆ ಸ್ಟಿಕ್ಕಿಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ಆದರೆ ಗಾಜಿನ ಕಪಾಟಿನ ಕೆಳಗಿನ ಸಾಲಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಬೆಲೆಗೆ ಕುಳಿತಿರುವ, ಹೆಸರೇ ಕೇಳದ ಕರಿ ಡಬ್ಬಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪುಕ್ಕಟೆ ಕೊಟ್ಟರೂ ಬೇಡ. ಒಂದನೆಯದಾಗಿ, ಆ್ಯಪ್‌ಗಳು ಎಚ್‌ಡಿ ಚಿತ್ರ ಕಳಿಸುವ ಮೊದಲು ಸಾಧನಕ್ಕೆ ವೈಡ್‌ವೈನ್ ಎಲ್1 ಎಂಬ ಭದ್ರತಾ ಮಾನ್ಯತೆ ಇದೆಯೇ ಎಂದು ಪರೀಕ್ಷಿಸುತ್ತವೆ. ಅದಿಲ್ಲದ ಡಬ್ಬಿಯಲ್ಲಿ ನೀವು ಎಷ್ಟೇ ವೇಗದ ಇಂಟರ್ನೆಟ್ ಹಾಕಿದರೂ ಚಿತ್ರ ಮಸುಕಾಗಿಯೇ ಇರುತ್ತದೆ. ಎರಡನೆಯದು ಇನ್ನೂ ಗಂಭೀರವಾದದ್ದು. ಇಂಥ ಅಗ್ಗದ ಆಂಡ್ರಾಯ್ಡ್ ಡಬ್ಬಿಗಳಲ್ಲಿ ಕಾರ್ಖಾನೆಯಿಂದ ಹೊರಡುವಾಗಲೇ ಕಳ್ಳ ತಂತ್ರಾಂಶ ಸೇರಿರುತ್ತದೆ, ಅವು ಮನೆಯ ವೈಫೈಯನ್ನೇ ಅಪರಾಧಿಗಳ ದಾರಿಯನ್ನಾಗಿ ಮಾಡುತ್ತವೆ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2025ರ ಜೂನ್‌ನಲ್ಲಿ ಬ್ಯಾಡ್‌ಬಾಕ್ಸ್ 2.0 ಎಂಬ ಹೆಸರಿನಡಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು.

ತಿಂಗಳಿಗೆ ನೂರಿನ್ನೂರು ರೂಪಾಯಿ ಕೊಟ್ಟರೆ ಎಲ್ಲ ಕ್ರೀಡಾ ವಾಹಿನಿಗಳನ್ನೂ ಹಾಕಿಕೊಡುತ್ತೇವೆ ಎನ್ನುವವರೂ ಎದುರಾಗುತ್ತಾರೆ. ಅದು ಕಳ್ಳ ಪ್ರಸಾರ. ಕಾನೂನಿನ ಮಾತು ಹಾಗಿರಲಿ, ಕೊನೆಯ ಐದು ಓವರುಗಳಲ್ಲಿ ಲಕ್ಷಾಂತರ ಜನ ಒಮ್ಮೆಗೇ ನುಗ್ಗಿದಾಗ ಮೊದಲು ಕೈಕೊಡುವುದು ಅದೇ, ಕೊಟ್ಟ ಹಣ ಮರಳಿ ಕೇಳಲು ಅಂಗಡಿಯೂ ಇರುವುದಿಲ್ಲ.

ಜೋಡಿಸುವುದು

ಪೆಟ್ಟಿಗೆಯಲ್ಲಿ ಸ್ಟಿಕ್, ರಿಮೋಟು, ಅದಕ್ಕೆ ಎರಡು ಸಣ್ಣ ಸೆಲ್ಲು, ಒಂದು ಕೇಬಲ್, ಚಾರ್ಜರಿನಂಥ ಅಡಾಪ್ಟರ್ ಮತ್ತು ಸಾಮಾನ್ಯವಾಗಿ ಬೆರಳುದ್ದದ ಒಂದು ಎಚ್‌ಡಿಎಂಐ ತುಂಡು ಇರುತ್ತವೆ. ಈ ತುಂಡನ್ನು ಬಹಳ ಮಂದಿ ಪೆಟ್ಟಿಗೆಯಲ್ಲೇ ಬಿಟ್ಟುಬಿಡುತ್ತಾರೆ. ಅದನ್ನು ಟಿ.ವಿ.ಗೂ ಸ್ಟಿಕ್ಕಿಗೂ ನಡುವೆ ಹಾಕಿದರೆ ಸ್ಟಿಕ್ ಟಿ.ವಿ.ಯ ತಗಡಿನ ಬೆನ್ನಿಗೆ ಅಂಟಿಕೊಳ್ಳದೆ ಸ್ವಲ್ಪ ದೂರ ನಿಲ್ಲುವುದರಿಂದ ವೈಫೈ ಚೆನ್ನಾಗಿ ಹಿಡಿಯುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ.

ಸ್ಟಿಕ್ಕಿಗೆ ಕರೆಂಟನ್ನು ಅದರದೇ ಅಡಾಪ್ಟರಿನಿಂದ, ಗೋಡೆಯ ಪ್ಲಗ್ಗಿನಿಂದಲೇ ಕೊಡಬೇಕು. ಟಿ.ವಿ.ಯ ಹಿಂದೆಯೇ ಯುಎಸ್‌ಬಿ ಕಿಂಡಿ ಇರುವಾಗ ಇನ್ನೊಂದು ಪ್ಲಗ್ ಏಕೆಂದು ಅನಿಸುವುದು ಸಹಜ, ನನಗೂ ಹಾಗೆಯೇ ಅನಿಸಿತ್ತು. ಗದಗಿನ ಬೆಟಗೇರಿಯಲ್ಲಿರುವ ನಮ್ಮ ಕಾಕಾ ಅವರ ಮನೆಯಲ್ಲಿ ಮೊದಲ ಸಲ ಸ್ಟಿಕ್ ಹಾಕಿಕೊಟ್ಟಾಗ ವಯರು ಕಾಣಬಾರದೆಂದು ಟಿ.ವಿ.ಯ ಯುಎಸ್‌ಬಿಗೇ ಸಿಕ್ಕಿಸಿ, ಕೆಲಸ ಅಚ್ಚುಕಟ್ಟಾಯಿತೆಂದು ಬೀಗುತ್ತ ಚಹಾ ಕುಡಿಯುತ್ತಿದ್ದೆ. ಹದಿನೈದು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಸ್ಟಿಕ್ ಮೊದಲಿನಿಂದ ಶುರುವಾಗತೊಡಗಿತು. ಹಳೆಯ ಟಿ.ವಿ.ಗಳ ಯುಎಸ್‌ಬಿ ಕಿಂಡಿ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್. ಸ್ಟಿಕ್ಕಿನ ಅಡಾಪ್ಟರ್ ಕೊಡುವುದು ಒಂದು ಆಂಪಿಯರ್. ನೇರಪ್ರಸಾರದಂಥ ಹೊರೆ ಬಿದ್ದಾಗ ಅರ್ಧ ಆಂಪಿಯರ್ ಸಾಲದೆ ಅದು ಕುಸಿಯುತ್ತದೆ. ವಯರು ಕಂಡರೆ ಕಾಣಲಿ.

ಇಷ್ಟಾದ ಮೇಲೆ ಟಿ.ವಿ. ಹಚ್ಚಿ, ಟಿ.ವಿ.ಯ ಹಳೆಯ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಗುಂಡಿ ಒತ್ತಿ, ಸ್ಟಿಕ್ ಹಾಕಿದ ಎಚ್‌ಡಿಎಂಐ ಸಂಖ್ಯೆಯನ್ನು ಆರಿಸಿಕೊಳ್ಳಿ. ಡಿಶ್ಶಿಗೆ ಮರಳಬೇಕಾದಾಗಲೂ ಇದೇ ಗುಂಡಿ. ಮನೆಯ ಹಿರಿಯರಿಗೆ ಇದೊಂದನ್ನು ಎರಡು ಮೂರು ಸಲ ಅವರ ಕೈಯಿಂದಲೇ ಮಾಡಿಸಿ, ಗುಂಡಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಬಣ್ಣದ ಟೇಪು ಅಂಟಿಸಿದರೆ ಮರುದಿನ ಧಾರಾವಾಹಿ ಬರುತ್ತಿಲ್ಲವೆಂಬ ಫೋನು ನಿಮಗೆ ಬರುವುದಿಲ್ಲ. ಪರದೆಯ ಮೇಲೆ ವೈಫೈ ಹೆಸರುಗಳ ಪಟ್ಟಿ ಬಂದಾಗ ನಿಮ್ಮದನ್ನು ಆರಿಸಿ, ರಿಮೋಟಿನ ಬಾಣಗಳಿಂದ ಒಂದೊಂದೇ ಅಕ್ಷರ ಹುಡುಕುತ್ತ ಪಾಸ್‌ವರ್ಡ್ ತುಂಬಬೇಕು. ಸಣ್ಣಕ್ಷರ ದೊಡ್ಡಕ್ಷರದ ವ್ಯತ್ಯಾಸ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಟಿಕ್ ಮೊದಲ ಸಲ ತನ್ನ ತಂತ್ರಾಂಶವನ್ನು ತಾನೇ ಹೊಸದು ಮಾಡಿಕೊಳ್ಳಲು ಸಾಕಷ್ಟು ಸಮಯ ತೆಗೆದುಕೊಳ್ಳುವುದರಿಂದ ಈ ಕೆಲಸವನ್ನು ಪಂದ್ಯದ ದಿನ ಸಂಜೆ ಏಳು ಗಂಟೆಗೆ ಹಚ್ಚಿಕೊಳ್ಳದೆ ಒಂದು ದಿನ ಮೊದಲೇ ಮುಗಿಸಿಡಿ.

ಬಳಿಕ ಸ್ಟಿಕ್ಕಿನಲ್ಲೇ ಇರುವ ಆ್ಯಪ್ ಸ್ಟೋರಿಗೆ ಹೋಗಿ ಬೇಕಾದ ಆ್ಯಪ್ ಇಳಿಸಿಕೊಂಡು ತೆರೆದರೆ, ಪರದೆಯ ಮೇಲೆ ಒಂದು ಕ್ಯೂಆರ್ ಚೌಕವೋ ಕೆಲವು ಅಕ್ಷರಗಳ ಕೋಡೋ ಬರುತ್ತದೆ. ಚಂದಾ ಇರುವ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಅಥವಾ ಫೋನ್ ನಂಬರ್ ಹಾಕಿ ಬಂದ ಓಟಿಪಿಯನ್ನು ಟಿ.ವಿ.ಯಲ್ಲಿ ತುಂಬಿದರೆ ಖಾತೆ ಸೇರಿಕೊಳ್ಳುತ್ತದೆ. ಇದೇ ಹಂತದಲ್ಲಿ ಮೋಸವೂ ಹೊಂಚು ಹಾಕಿರುತ್ತದೆ. ಎಲ್ಲೋ ಸಿಕ್ಕಿಬಿದ್ದಾಗ ಜನ ಗೂಗಲ್ಲಿನಲ್ಲಿ ಗ್ರಾಹಕ ಸೇವೆಯ ನಂಬರ್ ಹುಡುಕುತ್ತಾರೆ. ಮೇಲೆಯೇ ಕಾಣುವ ಒಂದು ನಂಬರಿಗೆ ಹಚ್ಚಿದರೆ ಆ ಕಡೆಯವನು ಬಹಳ ವಿನಯದಿಂದ ಸ್ಟಿಕ್ ಚಾಲೂ ಆಗಲು ಆ್ಯಕ್ಟಿವೇಶನ್ ಶುಲ್ಕ ಕಟ್ಟಬೇಕು ಎನ್ನುತ್ತಾನೆ, ಇಲ್ಲವೇ ಫೋನಿನ ಪರದೆಯನ್ನು ತನಗೆ ತೋರಿಸುವ ಆ್ಯಪ್ ಹಾಕಿಸುತ್ತಾನೆ. ಸ್ಟಿಕ್ ಚಾಲೂ ಮಾಡುವುದಕ್ಕೆ ಯಾವ ಶುಲ್ಕವೂ ಇಲ್ಲ. ಟಿ.ವಿ.ಯಲ್ಲಿ ನೀವೇ ತುಂಬುವ ಓಟಿಪಿಯನ್ನು ಫೋನಿನಲ್ಲಿ ಮಾತಾಡುವ ಯಾರಿಗೂ ಹೇಳಬಾರದು. ಹಣ ಹೋಗಿದ್ದೇ ಆದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು.

ಇಂಟರ್ನೆಟ್ಟಿನ ಲೆಕ್ಕ

ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕೆಂದು ಹಿಡಿಯಿರಿ. ಒಂದು ಗಂಟೆಗೆ ಅದು 2.25 ಜಿಬಿ ಆಗುತ್ತದೆ; ನಾಲ್ಕು ಗಂಟೆಯ ಟಿ20 ಪಂದ್ಯಕ್ಕೆ 9 ಜಿಬಿ, ದಿನವಿಡೀ ನಡೆಯುವ ಏಕದಿನ ಪಂದ್ಯಕ್ಕೆ ಅದರ ಎರಡರಷ್ಟು. ಮನೆಗೆ 30 ಅಥವಾ 40 ಎಂಬಿಪಿಎಸ್ (ಸೆಕೆಂಡಿಗೆ ಅಷ್ಟು ಮೆಗಾಬಿಟ್) ಫೈಬರ್ ಇದ್ದರೆ ಈ ಲೆಕ್ಕವನ್ನು ಮರೆತುಬಿಡಬಹುದು. ದಿನಕ್ಕೆ 2 ಜಿಬಿ ಇರುವ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ನೋಡುವವರಿಗೆ ಮಾತ್ರ ಇದು ಕಣ್ಣು ತೆರೆಸುವ ಲೆಕ್ಕ, ಏಕೆಂದರೆ ಪವರ್‌ಪ್ಲೇ ಮುಗಿದು ಸ್ವಲ್ಪ ಹೊತ್ತಿಗೆ ಅವರ ದಿನದ ಡೇಟಾ ಮುಗಿದಿರುತ್ತದೆ. ಬ್ಯಾಡಗಿಯ ಸುತ್ತಲಿನ ಹಳ್ಳಿಗಳಲ್ಲಿ ಫೈಬರ್ ಇನ್ನೂ ಬಾರದ ಮನೆಗಳವರು ಆ್ಯಪ್‌ನಲ್ಲಿ ಗುಣಮಟ್ಟವನ್ನು ತಾವೇ ಇಳಿಸಿಕೊಳ್ಳಬೇಕು. ಸೆಕೆಂಡಿಗೆ 1.5 ಮೆಗಾಬಿಟ್ಟಿನ ಚಿತ್ರವಾದರೆ ನಾಲ್ಕು ಗಂಟೆಗೆ 2.7 ಜಿಬಿಯಲ್ಲಿ ಮುಗಿಯುತ್ತದೆ, ಚೆಂಡು ಬೌಂಡರಿ ಗೆರೆ ಮುಟ್ಟಿತೋ ಇಲ್ಲವೋ ಎಂಬುದನ್ನು ಮಾತ್ರ ಅಂಪೈರಿನ ಮೇಲೆ ಬಿಡಬೇಕಾಗುತ್ತದೆ.

ಫೈಬರ್ ಇದ್ದೂ ಚಿತ್ರ ನಿಂತು ಪರದೆಯ ಮೇಲೆ ಚಕ್ರ ತಿರುಗುತ್ತಿದ್ದರೆ ದೋಷ ಬಹುತೇಕ ಗೋಡೆಯದು. ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಗೋಡೆಗಳು ಮೊಳದಪ್ಪ ಇರುತ್ತವೆ. ರೌಟರ್ ಹೊರಗಿನ ಪಡಸಾಲೆಯಲ್ಲಿ, ಟಿ.ವಿ. ನಡುಮನೆಯಲ್ಲಿ. ಈಗಿನ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ವೈಫೈ ಕೊಡುತ್ತವೆ. ಎರಡನೆಯದು ವೇಗವಾದದ್ದು, ಆದರೆ ದಪ್ಪ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಮೊದಲನೆಯದು ನಿಧಾನವಾದರೂ ಗೋಡೆಗಳನ್ನು ದಾಟಿ ಬರುತ್ತದೆ. ರೌಟರ್ ಮತ್ತು ಟಿ.ವಿ. ಒಂದೇ ಕೋಣೆಯಲ್ಲಿದ್ದರೆ 5, ನಡುವೆ ಗೋಡೆಗಳಿದ್ದರೆ 2.4 ಎಂದು ಆರಿಸಿಕೊಳ್ಳಿ. ರೌಟರನ್ನು ಕಬ್ಬಿಣದ ಕಪಾಟಿನ ಹಿಂದಿನಿಂದ ತೆಗೆದು ಎತ್ತರದ ಹಲಗೆಯ ಮೇಲಿಡುವುದು ಇದಕ್ಕಿಂತಲೂ ಹೆಚ್ಚು ಫಲ ಕೊಡುವುದುಂಟು.

ಮಳೆಗಾಲದಲ್ಲಿ ಕರೆಂಟು ಹೋಗುವ ಊರುಗಳಲ್ಲಿ ಇನ್ವರ್ಟರಿನ ಲೈನಿಗೆ ಟಿ.ವಿ., ಸ್ಟಿಕ್, ರೌಟರ್ ಮೂರೂ ಸೇರಿವೆಯೇ ಎಂದು ನೋಡಿಕೊಳ್ಳಿ. ರೌಟರ್ ಒಂದೇ ಹೊರಗುಳಿದಿದ್ದರೆ ಅದಕ್ಕೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ರೌಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟು ಮತ್ತು ಆಂಪಿಯರ್‌ಗೆ ಹೊಂದುವುದನ್ನೇ ಕೊಳ್ಳಬೇಕು.

ಪಂದ್ಯದ ದಿನ

ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಸ್ಟಿಕ್ಕನ್ನು ಸೆಟ್ಟಿಂಗ್ಸ್‌ನಿಂದ ಒಮ್ಮೆ ರೀಸ್ಟಾರ್ಟ್ ಮಾಡಿ. ಅಗ್ಗದ ಸ್ಟಿಕ್ಕುಗಳಲ್ಲಿ ಜಾಗವಿರುವುದೇ 8 ಜಿಬಿ, ಅದರಲ್ಲಿಯೂ ಬಹುಭಾಗವನ್ನು ಸ್ಟಿಕ್ ತನಗೇ ಇಟ್ಟುಕೊಂಡಿರುತ್ತದೆ. ಮಕ್ಕಳು ಇಳಿಸಿದ ಆಟಗಳಿಂದ ಅದು ತುಂಬಿದ್ದರೆ ಆ್ಯಪ್ ತೊದಲತೊಡಗುತ್ತದೆ. ಬೇಡದ್ದನ್ನು ತೆಗೆದುಹಾಕಿ, ಕ್ರೀಡೆಯ ಆ್ಯಪ್‌ನ ಕ್ಯಾಶ್ (ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಮಾಹಿತಿ) ಅಳಿಸಿದರೆ ಸಾಕು. ಕ್ಯಾಶ್ ಎಂಬುದರ ಪಕ್ಕದಲ್ಲೇ ಇರುವ ಡೇಟಾ ಅಳಿಸುವ ಗುಂಡಿಯನ್ನು ಒತ್ತಿದರೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ ಎಂಬುದು ನೆನಪಿರಲಿ.

ಪಂದ್ಯ ತೆರೆದ ಮೇಲೆ ರಿಮೋಟಿನ ಕೆಳಬಾಣ ಅಥವಾ ನಡುಗುಂಡಿ ಒತ್ತಿದರೆ ಭಾಷೆಯ ಆಯ್ಕೆ ಬರುತ್ತದೆ, ಐಪಿಎಲ್ ಪಂದ್ಯಗಳಿಗೆ ಅಲ್ಲಿ ಕನ್ನಡವೂ ಇದೆ. ನಮ್ಮ ಕಾಕಾ ಅವರಿಗೆ ಸ್ಟಿಕ್ಕಿನ ಮೇಲೆ ಮೊದಲ ಸಲ ಗೌರವ ಹುಟ್ಟಿದ್ದು ಈ ಆಯ್ಕೆಯನ್ನು ತೋರಿಸಿದಾಗ. ತಮ್ಮ ಊರಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರುಗಳಲ್ಲಿ 6 ರನ್ನಿಗೆ 5 ವಿಕೆಟ್ ಕಿತ್ತದ್ದನ್ನು ಇಂದಿಗೂ ವರದಿ ಒಪ್ಪಿಸುವ ಅವರು, ಅಂಥದ್ದನ್ನು ಆಗಲೇ ಕನ್ನಡದಲ್ಲಿ ಕೇಳುವ ಭಾಗ್ಯ ಇರಲಿಲ್ಲವಲ್ಲ ಎಂದು ಹಳಹಳಿಸಿದರು.

ಅದೇ ಮನೆಯಲ್ಲಿ 2025ರ ಜೂನ್ 3ರ ಐಪಿಎಲ್ ಫೈನಲ್ ನೋಡುವಾಗ ಸ್ಟಿಕ್ಕಿನ ಒಂದು ದೌರ್ಬಲ್ಯ ಎದ್ದು ಕಂಡಿತು. ಪಂಜಾಬಿನ ಶ್ರೇಯಸ್ ಅಯ್ಯರ್ ಬ್ಯಾಟ್ ಹಿಡಿದು ನಿಂತಿದ್ದರು. ಡಿಶ್ ಇರುವ ಎದುರು ಮನೆಯಿಂದ ಓಣಿ ಅದುರುವಂತೆ ಕೂಗು ಕೇಳಿಸಿತು. ನಮ್ಮ ಪರದೆಯಲ್ಲಿ ರೊಮಾರಿಯೊ ಶೆಫರ್ಡ್ ಇನ್ನೂ ಚೆಂಡು ಉಜ್ಜಿಕೊಳ್ಳುತ್ತಿದ್ದರು. ಕಾಕಾ ಕನ್ನಡಕ ತೆಗೆದು ನನ್ನ ಕಡೆ ನೋಡಿ, “ಅಲ್ಲೋ ತಮ್ಮಾ, ಅವರ ಮನ್ಯಾಗ ಔಟಾದಾಂವ ನಮ್ಮ ಮನ್ಯಾಗ ಇನ್ನೂ ಬ್ಯಾಟ್ ಹಿಡ್ಕೊಂಡು ನಿಂತಾನಲ್ಲೋ!” ಎಂದರು. ಅರ್ಧ ನಿಮಿಷದ ಮೇಲೆ ನಮ್ಮ ಅಯ್ಯರ್ ಕೂಡ ಔಟಾದರು.

ಇದು ಕೆಟ್ಟುಹೋದ ಸ್ಟಿಕ್ಕಿನ ಲಕ್ಷಣವಲ್ಲ. ಡಿಶ್ಶಿನಲ್ಲಿ ಚಿತ್ರ ಉಪಗ್ರಹದಿಂದ ನೇರವಾಗಿ ಇಳಿಯುತ್ತದೆ. ಇಂಟರ್ನೆಟ್ಟಿನಲ್ಲಾದರೋ ಅದನ್ನು ಕೆಲವು ಸೆಕೆಂಡುಗಳ ಸಣ್ಣ ತುಂಡುಗಳಾಗಿ ಕತ್ತರಿಸಿ, ಬೇರೆ ಬೇರೆ ಗುಣಮಟ್ಟಗಳಲ್ಲಿ ಸಿದ್ಧಮಾಡಿ, ಸರ್ವರುಗಳಿಗೆ ಹಂಚಿ ಕಳಿಸುತ್ತಾರೆ. ನಿಮ್ಮ ಸ್ಟಿಕ್ ಕೂಡ ನಡುವೆ ಚಿತ್ರ ತಡೆಯದಿರಲೆಂದು ಕೆಲವು ತುಂಡುಗಳನ್ನು ಮುಂಚಿತವಾಗಿ ಕೂಡಿಟ್ಟುಕೊಂಡ ಮೇಲೆಯೇ ತೋರಿಸತೊಡಗುತ್ತದೆ. ಇವೆಲ್ಲ ಸೇರಿ ಇಪ್ಪತ್ತರಿಂದ ನಲವತ್ತು ಸೆಕೆಂಡು ತಡವಾಗುವುದು ಸಾಮಾನ್ಯ. ನಡುವೆ ನೀವು ನೀರು ಕುಡಿಯಲೆಂದು ಪಂದ್ಯವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದರೆ ತಡ ಇನ್ನೂ ಹೆಚ್ಚಿರುತ್ತದೆ. ಪರದೆಯ ಕೆಳಗೆ ಲೈವ್ ಎಂಬ ಗುರುತಿಗೆ ಹೋಗಿ ಒತ್ತಿದರೆ ಅಷ್ಟನ್ನು ಮರಳಿ ಪಡೆಯಬಹುದು. ಉಳಿದ ತಡಕ್ಕೆ ಮದ್ದಿಲ್ಲ. ಫೋನಿಗೆ ಬರುವ ಸ್ಕೋರಿನ ಸೂಚನೆಗಳನ್ನು ಬಂದ್ ಮಾಡಿ, ವಾಟ್ಸ್‌ಆ್ಯಪ್ ಗುಂಪುಗಳನ್ನು ಸುಮ್ಮನಾಗಿಸಿ, ಬೀದಿಯ ಕಡೆಯ ಕಿಟಕಿ ಮುಚ್ಚಿ ಕೂಡಬೇಕು. ಫೈನಲ್ಲಿನ ಮಟ್ಟಿಗೆ ನಾವು ಕಿಟಕಿ ಮುಚ್ಚಲಿಲ್ಲ, ಆರ್‌ಸಿಬಿ 6 ರನ್ನಿನಿಂದ ಗೆದ್ದ ಸುದ್ದಿಯನ್ನು ಓಣಿಯ ಪಟಾಕಿಗಳಿಂದಲೇ ತಿಳಿದು, ಆಮೇಲೆ ಅದನ್ನು ಟಿ.ವಿ.ಯಲ್ಲಿ ಮತ್ತೊಮ್ಮೆ ನೋಡಿದೆವು.

ಸರಣಿ ಮುಗಿದ ವಾರ ಒಂದು ಕೆಲಸ ಬಾಕಿ ಇರುತ್ತದೆ. ಚಂದಾ ಕಟ್ಟುವಾಗ ಯುಪಿಐ ಅಥವಾ ಕಾರ್ಡಿನ ಮೂಲಕ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದರೆ, ಅವಧಿ ತೀರಿದೊಡನೆ ಮುಂದಿನ ಅವಧಿಯ ಹಣ ತಾನಾಗಿಯೇ ಕಡಿತವಾಗುತ್ತದೆ. ಸ್ಟಿಕ್ಕಿನಿಂದ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು, ಆದರೆ ಹಗಲೆಲ್ಲ ಬರುವ ಸಾಲದ ಜಾಹೀರಾತುಗಳ ನಡುವೆ ಆ ಸಂದೇಶ ಕಣ್ಣು ತಪ್ಪುವುದೇ ಹೆಚ್ಚು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗ ತೆರೆದು, ಚಂದಾದ ಹೆಸರಿನ ಮೇಲೆ ಒತ್ತಿ, ರದ್ದು ಮಾಡಿ. ಕಟ್ಟಿದ ಅವಧಿ ಮುಗಿಯುವವರೆಗೆ ಆ್ಯಪ್ ನಡೆಯುತ್ತಲೇ ಇರುತ್ತದೆ. ಸ್ಟಿಕ್ಕನ್ನು ಬೀಗರಿಗೋ ಗೆಳೆಯರಿಗೋ ಕೊಡುವುದಿದ್ದರೆ ಅದರಲ್ಲಿರುವ ನಿಮ್ಮ ಖಾತೆಗಳಿಂದ ಲಾಗೌಟ್ ಆಗಿ, ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಅಡಾಪ್ಟರನ್ನೂ ಆ ಬೆರಳುದ್ದದ ತುಂಡನ್ನೂ ಜೊತೆಗೇ ಕೊಡಿ.